ಕಾಲುವೆ ನಿಲ್ಲುವ ಮುಂಚಿನ ರಜೆ

ನಮ್ಮ ಮೇಟ್ರನ್ನಿಗೆ ಒಬ್ಬ ನರ್ಸಿಗೆ ರಜೆ ಕೊಡುವುದೆಂದರೆ ಮೈಮೇಲಿನ ಬಂಗಾರ ಬಿಚ್ಚಿಕೊಟ್ಟಷ್ಟು ಸಂಕಟ. ಎಪ್ಪತ್ತರ ದಶಕದಲ್ಲಿ ನಾನು ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಗಳಿಕೆ ರಜೆ ಎಲ್ಲರ ಹೆಸರಿನಲ್ಲೂ ಬೇಕಾದಷ್ಟು ಬಿದ್ದಿರುತ್ತಿತ್ತು. ಆದರೆ ಕೇಳಲು ಹೋದರೆ ಮೇಟ್ರನ್ ಕನ್ನಡಕದ ಮೇಲಿನಿಂದ ನೋಡಿ "ಬದಲಿ ಯಾರು?" ಅಂತ ಒಂದೇ ಮಾತು ಕೇಳುತ್ತಿದ್ದರು. ರಜೆ ಬೇಕಾದವಳೇ ತನ್ನ ಜಾಗಕ್ಕೆ ಇನ್ನೊಬ್ಬಳನ್ನು ಒಪ್ಪಿಸಿ ಕರೆತರಬೇಕು, ಅದು ನಮ್ಮಲ್ಲಿ ನಡೆದುಬಂದ ಪದ್ಧತಿ. ಕೇರಳದಿಂದ ಬಂದ ನರ್ಸುಗಳ ಕ್ರಿಸ್‌ಮಸ್ ಡ್ಯೂಟಿ ನಾವು ಮಾಡುತ್ತಿದ್ದೆವು, ನಮ್ಮ ಯುಗಾದಿ ದೀಪಾವಳಿ ಡ್ಯೂಟಿ ಅವರು ಮಾಡುತ್ತಿದ್ದರು. ಹಬ್ಬಕ್ಕಾದರೆ ಇದು ಜಗಳವಿಲ್ಲದೆ ನಡೆಯುತ್ತಿತ್ತು. ಹಬ್ಬವಿಲ್ಲದ ದಿನ ರಜೆ ಬೇಕೆಂದರೆ ಒಬ್ಬೊಬ್ಬರ ಗಲ್ಲ ಹಿಡಿದು ಬೇಡಿಕೊಳ್ಳಬೇಕಿತ್ತು.

ಬೇಸಿಗೆಯಲ್ಲಂತೂ ಆ ಮಾತೇ ಎತ್ತುವಂತಿರಲಿಲ್ಲ. ನಮ್ಮ ಕಡೆಯ ಸುಗ್ಗಿ, ಕಬ್ಬು, ಬಾಳೆ, ಗಿರಣಿ, ಹೊಸ ಮನೆ, ಹೊಸ ಮೋಟರ್ ಸೈಕಲ್ಲು, ಎಲ್ಲವೂ ಕಾಲುವೆ ನೀರಿನಿಂದ ಬಂದದ್ದು. ಆ ಕಾಲುವೆಯನ್ನು ಬೇಸಿಗೆಯಲ್ಲಿ ದುರಸ್ತಿಗೆಂದು ನಿಲ್ಲಿಸುತ್ತಿದ್ದರು. ನೀರು ನಿಂತ ಮೇಲೆ ತಗ್ಗಿನಲ್ಲಿ ಉಳಿದದ್ದನ್ನೇ ದನ ಕುಡಿಯುವುದು, ಬಟ್ಟೆ ಒಗೆಯುವುದು, ಮನುಷ್ಯರೂ ಕೊಡ ತುಂಬಿಕೊಳ್ಳುವುದು. ಆಮೇಲೆ ವಾಂತಿಭೇದಿ ಶುರು. ಕಮಲಾಪುರದ ಕಡೆಯಿಂದ, ಕಂಪ್ಲಿ ಕಡೆಯಿಂದ ಗಾಡಿಗಳಲ್ಲಿ, ಟ್ರಾಕ್ಟರುಗಳಲ್ಲಿ ಜನರನ್ನು ತಂದು ಹಾಕುತ್ತಿದ್ದರು. ಮಂಚ ಸಾಲದೆ ವರಾಂಡದಲ್ಲಿ ಮಲಗಿಸಿ ಕಿಟಕಿಯ ಸರಳಿಗೆ ಸಲೈನ್ ಬಾಟಲಿ ಕಟ್ಟುತ್ತಿದ್ದೆವು. ಹಾಗಾಗಿ ಕಾಲುವೆ ಬಂದ್ ಅಂದರೆ ನಮ್ಮ ರಜೆಯೂ ಬಂದ್.

ಸುಡುಗಾಡು, ನನಗೆ ಬೇಕಾಗಿದ್ದದ್ದು ಬೇಸಿಗೆಯ ರಜೆಯೇ.

ನನ್ನ ಮಗಳು ಕಂಪ್ಲಿಯಲ್ಲಿ ನಮ್ಮ ಅವ್ವನ ಹತ್ತಿರ ಬೆಳೆಯುತ್ತಿದ್ದಳು. ಮೊಲೆ ಬಿಡಿಸಿದ ಕೂಡಲೇ ಬಿಟ್ಟು ಬಂದದ್ದು. ಗಂಡ ಸಂಡೂರಿನ ಗುಡ್ಡದಾಚೆ ದೋಣಿಮಲೈ ಗಣಿಯಲ್ಲಿ, ನಾನು ಹೊಸಪೇಟೆಯಲ್ಲಿ, ನನಗೆ ವಾರಕ್ಕೊಂದು ಪಾಳಿ. ಕೂಸನ್ನು ಯಾರ ಕೈಗೆ ಕೊಡುವುದು? ವಾರದ ರಜೆಯ ದಿನ ಬಸ್ಸು ಹಿಡಿದು ಹೋಗುತ್ತಿದ್ದೆ, ಮಧ್ಯಾಹ್ನ ಮುಟ್ಟಿ ಸಂಜೆ ತಿರುಗಿ ಬರುತ್ತಿದ್ದೆ. ಅವಳು ನಮ್ಮ ಅವ್ವನನ್ನೇ ಅವ್ವ ಅನ್ನುತ್ತಿದ್ದಳು. ನನ್ನನ್ನು ನರ್ಸಮ್ಮ ಅನ್ನುತ್ತಿದ್ದಳು, ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರಲ್ಲ. ಮೊದಮೊದಲು ನಾನೂ ಎಲ್ಲರ ಜೊತೆ ನಕ್ಕೆ. ಆಮೇಲಾಮೇಲೆ ನಗು ಬರುವುದು ನಿಂತಿತು.

ಗಂಡನ ಪಾಡೇ ಬೇರೆ. ಅವನು ಕೆಂಪು ಧೂಳಿನ ಅಂಗಿಯಲ್ಲೇ ಬಂದಿಳಿದರೂ ಅವಳು ಓಡಿಹೋಗಿ ಹೆಗಲೇರುತ್ತಿದ್ದಳು. ನಾನು ಕೈ ಚಾಚಿದರೆ ಅವ್ವನ ಸೆರಗಿನ ಹಿಂದೆ. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. "ನೀ ಭಾಳ ಗದರಿಸ್ತಿ, ಅದಕ್ಕ" ಅಂತ ಅವನು ಹೇಳಿದಾಗ ಅವನ ಮೇಲೇ ಹರಿಹಾಯ್ದೆ. ಮೊದಲು ಗದರಿಸಲಿಕ್ಕಾದರೂ ಮಗಳು ಕೈಗೆ ಸಿಗಬೇಕಲ್ಲ!

ಆ ಜೂನ್‌ನಲ್ಲಿ ಅವಳನ್ನು ಶಾಲೆಗೆ ಹಾಕಬೇಕಿತ್ತು. ಕಂಪ್ಲಿಯಲ್ಲಿ ಹಾಕಿದರೆ ಮುಗಿಯಿತು, ಆಮೇಲೆ ಶಾಲೆ ಬಿಡಿಸುವುದು ಬ್ಯಾಡ ಅನ್ನುವರು, ಗೆಳತಿಯರು ಅನ್ನುವರು, ಅವಳು ಅಲ್ಲೇ ದೊಡ್ಡವಳಾಗುವಳು. ನಾನು ನರ್ಸಮ್ಮನಾಗಿಯೇ ಉಳಿಯುವೆ. ಹೊಸಪೇಟೆಯಲ್ಲಿ ನಮ್ಮ ಕ್ವಾರ್ಟರ್ಸಿನ ಹಿಂದೆಯೇ ಶಾಲೆಯಿತ್ತು. ಪಕ್ಕದಲ್ಲಿ ಕೇರಳದ ಗೆಳತಿಯೊಬ್ಬಳು ತಾಯಿಯನ್ನು ಕರೆಸಿಕೊಂಡಿದ್ದಳು, ನನ್ನ ಡ್ಯೂಟಿ ಹೊತ್ತಿನಲ್ಲಿ ಆ ಅಜ್ಜಿ ನೋಡಿಕೊಳ್ಳಲು ಒಪ್ಪಿದ್ದರು. ಎಲ್ಲ ಹೊಂದಿಸಿದ್ದೆ. ಆದರೆ ಮಗಳು ನನ್ನ ಜೊತೆ ಬರಬೇಕಲ್ಲ? ಎಳೆದುಕೊಂಡು ಬಂದರೆ ಅತ್ತು ಅತ್ತು ಜ್ವರ ಬರಿಸಿಕೊಳ್ಳುತ್ತಾಳೆ ಎಂದು ಗೊತ್ತಿತ್ತು. ಒಂದು ತಿಂಗಳು ಅವಳ ಜೊತೆ ಒಂದೇ ಮನೆಯಲ್ಲಿ ಇದ್ದು, ಉಣಿಸಿ, ತಲೆ ಬಾಚಿ, ಮಗ್ಗುಲಲ್ಲಿ ಮಲಗಿಸಿಕೊಂಡು, ನಾನು ಯಾರೆಂದು ಅವಳಿಗೆ ತಿಳಿಯಬೇಕು. ಅದಕ್ಕೇ ಆ ರಜೆ.

ಮೇಟ್ರನ್ ಹತ್ತಿರ ಹೋಗಿ ನಿಂತೆ. ಅವರು ಧಾರವಾಡದ ಕಡೆಯವರು, ಮದುವೆಯಾಗಿರಲಿಲ್ಲ, ಆಸ್ಪತ್ರೆಯೇ ಸಂಸಾರ.

"ತಿಂಗಳಗಟ್ಟಲೆ ರಜಾ ತಗೊಂಡು ಏನ್ ಮಾಡಾಕಿ? ಯಾರರ ಸತ್ತಾರೇನು? ಮದವಿ ಏನರ ಐತೇನು?"

"ಇಲ್ರಿ."

"ಮತ್ತ?"

"ಮಗಳ ಜೋಡಿ ಇರಬೇಕ್ರಿ."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಸತ್ತವರಿಲ್ಲ, ಮದುವೆಯಿಲ್ಲ, ಸುಮ್ಮನೆ ಮಗಳ ಜೊತೆ ಇರುವುದಕ್ಕೆ ರಜೆ ಕೊಡುವ ಪ್ರಸಂಗ ಅವರಿಗೆ ಅದುವರೆಗೆ ಬಂದಿರಲಿಲ್ಲವೆಂದು ಕಾಣುತ್ತದೆ. "ಬದಲಿ?" ಅಂದರು. ನಾನು ಕೇರಳದ ಗೆಳತಿಯ ಹೆಸರು ಹೇಳಿದೆ. ಮುಂದಿನ ಓಣಂ, ಕ್ರಿಸ್‌ಮಸ್, ಈಸ್ಟರ್ ಅವಳದನ್ನೆಲ್ಲ ನಾನು ಮಾಡುವೆನೆಂದು ಮಾತು ಕೊಟ್ಟು ಅವಳನ್ನು ಒಪ್ಪಿಸಿದ್ದೆ. "ನೀ ಹೋಗು, ಪಾಪ ಕೊಚ್ಚು. ನಾನ್ ಮಾಡ್ತೇನೆ ಎಲ್ಲ" ಅಂದಿದ್ದಳು ಆ ಪುಣ್ಯಾತ್ಗಿತ್ತಿ. ಕೊಚ್ಚು ಅಂದರೆ ಅವರ ಮಾತಿನಲ್ಲಿ ಕೂಸು.

"ಕಾಲುವಿ ಬಂದ್ ಆಗೂದ್ರಾಗ ತಿರುಗಿ ಬರಬೇಕು" ಅಂದರು ಮೇಟ್ರನ್. "ನಡುವ ಕರದ್ರೂ ಬರಬೇಕು. ಕಂಪ್ಲಿ ಏನ್ ಪರದೇಶ ಅಲ್ಲ."

ಕಾಲುವೆ ನಿಲ್ಲಲು ಇನ್ನೂ ಸಮಯವಿತ್ತು. ಆ ಸಲ ತಡವಾಗಿ ನಿಲ್ಲಿಸುತ್ತಾರೆಂದು ಎಲ್ಲರೂ ಹೇಳುತ್ತಿದ್ದರು. ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಖುಷಿಯಲ್ಲಿ ಹೊರಗೆ ಬಂದೆ.

ಕಂಪ್ಲಿಗೆ ಹೋಗಿ ಇಳಿದ ಮಾರನೆಯ ಬೆಳಿಗ್ಗೆಯೇ ನಮ್ಮ ಮನೆಯ ಕಟ್ಟೆಯ ಮೇಲೆ ಜನ. ನರ್ಸಮ್ಮ ರಜಾದ ಮೇಲೆ ಬಂದಾಳಂತ! ಒಬ್ಬರ ಕೈಯಲ್ಲಿ ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ನಿನ ಶೀಷೆ, ಒಬ್ಬರ ಕಾಲಿಗೆ ಕುರು, ಒಬ್ಬರಿಗೆ ಸುಮ್ಮನೆ ತಲೆ ತಿರುಗುವುದು. ಆಗ ನಮ್ಮ ಊರಲ್ಲಿ ಗದ್ದೆಯ ದುಡ್ಡು ಓಡಾಡುತ್ತಿತ್ತು, ಗುಳಿಗೆ ಕೊಟ್ಟರೆ ಜನಕ್ಕೆ ಸಮಾಧಾನವಿಲ್ಲ, ಸೂಜಿಯೇ ಬೇಕು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಹೆಂಗಸು, ಅಕ್ಕಿ ಗಿರಣಿ ಇಟ್ಟವರು, ನಾವು ಗಿರಣಿ ಚಿಗವ್ವ ಅನ್ನುತ್ತಿದ್ದೆವು.

"ಬಂದಿ ಏನವಾ! ಬಂದಿದ್ದು ಭಾಳ ಚಲೋ ಆತು. ನನಗೊಂದು ಶಕ್ತಿದು ಸೂಜಿ ಮಾಡಿಬಿಡು, ಕೈಕಾಲಾಗ ತ್ರಾಣನೇ ಇಲ್ಲ" ಅಂದರು. ಕಂಬದಂಥ ಕೈಕಾಲು, ತ್ರಾಣವಿಲ್ಲವಂತೆ!

ಇಲ್ಲವೆನ್ನಲು ಬಾಯಿ ಬರಲಿಲ್ಲ. ನಾನಿಲ್ಲದಾಗ ನನ್ನ ಅವ್ವನಿಗೆ, ಮಗಳಿಗೆ ಆಗುವವರು ಇವರೇ ಅಲ್ಲವೇ? ಒಲೆಯ ಮೇಲೆ ಸ್ಟೀಲಿನ ಡಬ್ಬಿಯಲ್ಲಿ ಸಿರಿಂಜು ಕುದಿಸಿಟ್ಟು, ಒಬ್ಬೊಬ್ಬರನ್ನೇ ಪಡಸಾಲೆಗೆ ಕರೆದು ಚುಚ್ಚಿದೆ. ಮಗಳು ಅಡುಗೆಮನೆಯ ಬಾಗಿಲ ಸಂದಿನಿಂದ ನೋಡುತ್ತಿದ್ದಳು. ನಾನು ತಿರುಗಿ ನಕ್ಕರೆ ಬಾಗಿಲು ಮುಚ್ಚಿತು.

ಆ ಮಧ್ಯಾಹ್ನ ಅವ್ವ ಅವಳಿಗೆ ಉಣಿಸಲು ಕೂತಿದ್ದಳು. ನಾನು ಎದುರಿಗೇ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದೆ. ಮಗಳು ಎರಡು ತುತ್ತು ಉಂಡು ಬಾಯಿ ಬಿಗಿಹಿಡಿದಳು. ಅವ್ವ ದಿನದಂತೆ, ಯೋಚನೆಯೇ ಇಲ್ಲದೆ, "ಬಾಯಿ ತೆಗಿ. ಉಣ್ತೀಯೋ ಇಲ್ಲಾ ನರ್ಸಮ್ಮನ್ನ ಕರದು ಸೂಜಿ ಚುಚ್ಚಿಸ್ಲೋ?" ಅಂದಳು.

ಅಂದವಳು ಅಲ್ಲೇ ನಾಲಿಗೆ ಕಚ್ಚಿಕೊಂಡಳು. ಮಗಳು ನನ್ನ ಕಡೆ ನೋಡಿ ದೊಡ್ಡದಾಗಿ ಬಾಯಿ ತೆರೆದಳು. ಕಣ್ಣಲ್ಲಿ ನೀರು, ಬಾಯಿ ಮಾತ್ರ ತೆರೆದೇ ಇದೆ, ತುತ್ತು ಹಾಕುವುದನ್ನು ಕಾಯುತ್ತ.

ಹುಣಸೆಹಣ್ಣಿನ ಮೊರವನ್ನು ಅಲ್ಲಿಯೇ ಕುಕ್ಕಿ ಎದ್ದೆ. ಮಗಳು ಅಂಗಳಕ್ಕೆ ಓಡಿದಳು.

"ಎಷ್ಟು ದಿನದಿಂದ ಹಿಂಗ ಹೇಳಾಕತ್ತಿ ಆಕಿಗೆ?" ಅಂತ ಕೂಗಿದೆ.

"ನಿದ್ದಿ ಮಾಡದಿದ್ರ ಹೇಳ್ತೀನಿ, ಉಣ್ಣದಿದ್ರ ಹೇಳ್ತೀನಿ, ಬೀದಿಗೆ ಓಡಿದ್ರ ಹೇಳ್ತೀನಿ" ಅಂದಳು ಅವ್ವ. ಮೊದಲು ಅಳುಕಿದ್ದವಳು ನನ್ನ ದನಿ ಏರಿದಂತೆ ತಾನೂ ಏರಿಸಿದಳು. "ಮತ್ತೇನ್ ಮಾಡ್ಲೇ? ಎಲ್ಲಾ ಮನಿಯಾಗೂ ಹಂಗ ಹೆದರಸ್ತಾರ. ಓಣಿ ತುಂಬ ಕೂಸುಗಳು ನಿನ್ನ ಹೆಸರು ಕೇಳಿದ್ರ ಉಣ್ತಾವ. ನನ್ನ ಮಗಳು ನರ್ಸು ಅಂತ ನನಗೂ ಹೆಮ್ಮಿ ಇತ್ತು. ಈ ವಯಸ್ಸಿನಾಗ ಆ ಕೂಸಿನ ಹಿಂದ ಓಡಾಕ ನನಗ ಆಗತೈತೇನು? ನೀ ಬಂದು ಇದ್ದು ನೋಡು, ಆವಾಗ ತಿಳೀತದ."

ನಾನು ಬಾಯಿಗೆ ಬಂದದ್ದು ಅಂದೆ. ಅವಳೂ ಅಂದಳು. ಸಿಟ್ಟು ಇಳಿದ ಮೇಲೆ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಅತ್ತೆವು. ಓಣಿಯ ಮಕ್ಕಳಿಗೆಲ್ಲ ಗುಮ್ಮನಾಗಿ ನಾನಿದ್ದೆನಂತೆ, ನನ್ನದೇ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೂ. ನಾನು ಊರಿಗೆ ಬಂದಾಗಲೆಲ್ಲ ಅದು ಯಾಕೆ ಅಡಗುತ್ತಿತ್ತು ಎಂದು ಆವತ್ತು ತಿಳಿಯಿತು. ಯಾರನ್ನು ಬೈಯುವುದು?

ಮಾರನೆಯ ದಿನ ಸಿರಿಂಜಿನ ಡಬ್ಬಿಯನ್ನು ಅಟ್ಟದ ಮೇಲೆ ಹಾಕಿದೆ. ಮಗಳು ನೋಡಲೆಂದೇ ಅವಳೆದುರಿಗೆ ಹಾಕಿದೆ. ಕಟ್ಟೆಗೆ ಬಂದವರಿಗೆ, "ಇವತ್ತಿಂದ ಸೂಜಿ ಇಲ್ರಿ, ನಾ ರಜಾದಾಗ ಅದೀನಿ. ದವಾಖಾನಿಗೆ ಹೋಗ್ರಿ" ಅಂತ ಖಡಾಖಂಡಿತ ಹೇಳಿದೆ. ಜನಕ್ಕೆ ಭಾರಿ ಬೇಜಾರಾಯಿತು. ಗಿರಣಿ ಚಿಗವ್ವ ಶೀಷೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ಪಗಾರ ತಗೊಳ್ಳೋರಿಗೆ ನಮ್ಮಂಥೋರು ಯಾಕ ಬೇಕು ಬಿಡವಾ" ಅಂತ ಹೋದರು. ಹೋಗಲಿ ಅಂದುಕೊಂಡೆ. ಡ್ಯೂಟಿಯ ಬಿಳಿ ಸೀರೆಗಳನ್ನೂ ಪೆಟ್ಟಿಗೆಗೆ ಹಾಕಿ ಅವ್ವನ ಹಳೆಯ ಇಳಕಲ್ ಸೀರೆ ಉಟ್ಟುಕೊಂಡೆ.

ಆಮೇಲೆ ಶುರುವಾಯಿತು ನನ್ನ ಕೆಲಸ. ಅದರಷ್ಟು ಕಷ್ಟದ ಡ್ಯೂಟಿ ನಾನು ಯಾವ ವಾರ್ಡಿನಲ್ಲೂ ಮಾಡಿಲ್ಲ. ಅವಳನ್ನು ಕರೆಯಬಾರದು, ಹಿಡಿಯಬಾರದು, ದಿಟ್ಟಿಸಿ ನೋಡಲೂ ಬಾರದು. ನಾನು ಹಿತ್ತಲಲ್ಲಿ ಸುಮ್ಮನೆ ಕೂತು ಮಾವಿನಕಾಯಿ ಹೆಚ್ಚುವುದು, ಉಪ್ಪು ಖಾರ ಹಚ್ಚಿ ತಟ್ಟೆಯಲ್ಲಿ ಇಟ್ಟು ಮುಖ ಆಚೆ ತಿರುಗಿಸುವುದು. ತಿರುಗಿ ನೋಡಿದರೆ ಎರಡು ಹೋಳು ಕಡಿಮೆ. ಅಷ್ಟಕ್ಕೇ ನನಗೆ ಹಬ್ಬ. ಗಿರಣಿ ಚಿಗವ್ವನ ಮೊಮ್ಮಗಳು ಇವಳದೇ ವಯಸ್ಸಿನವಳು, ಇಬ್ಬರೂ ದಿನವಿಡೀ ಜೊತೆ. ಆ ಹುಡುಗಿ ಗಟ್ಟಿಗಿತ್ತಿ, ಹಿರಿಯರ ಮುನಿಸು ಅವಳಿಗೇನು ಗೊತ್ತು, ಬಂದು ನನ್ನ ತೊಡೆಯ ಮೇಲೇ ಕೂತು ಮಾವಿನಕಾಯಿ ತಿಂದಳು. ಅವಳಿಗೆ ಏನೂ ಆಗಲಿಲ್ಲವೆಂದು ಕಂಡು ನನ್ನ ಮಗಳು ಹತ್ತಿರ ಬಂದು ನಿಂತಳು.

ಹೀಗೇ ದಿನ ಕಳೆದವು. ಒಂದು ಬೆಳಿಗ್ಗೆ ತಲೆ ಬಾಚಿಸಿಕೊಂಡಳು. ಸಿಕ್ಕು ಬಿಡಿಸುವಾಗ ನೋವಾದರೂ ಉಸಿರೆತ್ತದೆ ಕೂತಿದ್ದಳು, ಜಡೆ ಹಾಕಿದ ಕೂಡಲೇ ಎದ್ದು ಓಡಿದಳು. ಆಮೇಲೆ ಒಂದು ದಿನ ಊಟಕ್ಕೆ ನನ್ನ ಮಗ್ಗುಲಲ್ಲಿ ತಾನೇ ತಾಟು ಇಟ್ಟುಕೊಂಡಳು. ಅವ್ವ ನನ್ನ ಕಡೆ ನೋಡಿ ಕಣ್ಣು ಹೊಡೆದಳು. ಹಂಪಿಯ ಗುಡಿಯಲ್ಲಿ ಆನೆ ಇದೆ, ಕೊಟ್ಟ ಬಾಳೆಹಣ್ಣನ್ನು ಸೊಂಡಿಲಿನಲ್ಲಿ ಇಸಿದುಕೊಳ್ಳುತ್ತದೆ ಎಂದು ನಾನು ಗೋಡೆಗೆ ಹೇಳಿದಂತೆ ಹೇಳಿದೆ. ಅವಳು "ಅದು ಸೂಜಿ ಚುಚ್ಚತೈತೇನು?" ಅಂತ ಕೇಳಿದಳು. ಅದು ಅವಳು ನನ್ನನ್ನು ಕೇಳಿದ ಮೊದಲ ಮಾತು. "ಇಲ್ಲವಾ, ಆನಿ ಹತ್ರ ಸೂಜಿ ಇರಂಗಿಲ್ಲ" ಅಂದೆ. ನನ್ನ ಹತ್ತಿರವೂ ಇಲ್ಲ ಅಂತ ಸೇರಿಸಿದೆ. ಅವಳು ಅಟ್ಟದ ಕಡೆ ಒಮ್ಮೆ ನೋಡಿದಳು. ಸೋಮವಾರ ಆನೆ ನೋಡಲು ಹೋಗುವುದೆಂದಾಯಿತು, ನಾನು ಮತ್ತು ಅವಳು ಇಬ್ಬರೇ. ಬರುತ್ತೇನೆ ಅಂತ ಅವಳು ತಲೆಯಾಡಿಸಿದ್ದಳು.

ಅಷ್ಟರಲ್ಲಿ ಕಾಲುವೆ ನಿಂತಿತು. ಯಾರೂ ಹೇಳಿರಲಿಲ್ಲ, ಎಲ್ಲೋ ಮೇಲುಗಡೆ ದಂಡೆ ಒಡೆದಿದೆ ಅಂತ ಒಮ್ಮೆಲೇ ನಿಲ್ಲಿಸಿಬಿಟ್ಟರು. ಅವ್ವನಿಗೆ ನೀರು ಕುದಿಸದೆ ಯಾರಿಗೂ ಕೊಡಬೇಡ ಎಂದು ತಾಕೀತು ಮಾಡಿದೆ. ಓಣಿಯಲ್ಲೂ ಮನೆಮನೆಗೆ ಹೇಳಿಬಂದೆ. ಗಿರಣಿ ಚಿಗವ್ವ ನನ್ನ ಮೇಲಿನ ಮುನಿಸಿನಲ್ಲಿ ಮುಖ ತಿರುಗಿಸಿಕೊಂಡು ಅಕ್ಕಿ ಕೇರುತ್ತ ಕೂತಿದ್ದರು, ಕೇಳಿದರೋ ಬಿಟ್ಟರೋ.

ಶನಿವಾರ ಮಧ್ಯಾಹ್ನ ಅವರೇ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಮನೆಯೊಳಗೆ ನುಗ್ಗಿದರು. "ನನ್ನ ಕೂಸನ್ನ ಉಳಿಸವಾ, ನನ್ನ ತಪ್ಪು ಹೊಟ್ಟಿಯಾಗ ಹಾಕ್ಕೋ" ಅಂತ ಒಂದೇ ಸಮನೆ ಅಳುತ್ತಿದ್ದರು. ಬೆಳಗಿನಿಂದ ವಾಂತಿಭೇದಿ. ಹುಡುಗಿಯ ಕಣ್ಣು ಒಳಕ್ಕೆ ಹೋಗಿತ್ತು, ಹೊಟ್ಟೆಯ ಚರ್ಮ ಚಿವುಟಿದರೆ ಚಿವುಟಿದಂತೆಯೇ ನಿಲ್ಲುತ್ತಿತ್ತು. ಊರಿನ ದವಾಖಾನೆಯ ಡಾಕ್ಟರು ಹಳ್ಳಿಗೆ ಹೋಗಿದ್ದರು, ಅವರಿಗಾಗಿ ಕಾಯುವಷ್ಟು ಹೊತ್ತು ಈ ಕೂಸಿಗೆ ಇರಲಿಲ್ಲ. ಔಷಧಿ ಅಂಗಡಿಯಿಂದ ಸಲೈನ್ ಬಾಟಲಿ, ರಬ್ಬರ್ ನಳಿಕೆ ತರಿಸಿದೆ. ಅಟ್ಟದ ಮೇಲಿಂದ ಡಬ್ಬಿ ಇಳಿಸಿದೆ.

ಮಗಳು ಎಲ್ಲಿದ್ದಾಳೆಂದು ನೋಡಲಿಲ್ಲ. ನೋಡುವಷ್ಟು ವ್ಯವಧಾನವೂ ಇರಲಿಲ್ಲ.

ಮಗುವಿನ ನರ ಬತ್ತಿಹೋಗಿತ್ತು. ಕೈಯಲ್ಲಿ ಸಿಗಲಿಲ್ಲ, ಮತ್ತೊಂದು ಕೈಯಲ್ಲೂ ಸಿಗಲಿಲ್ಲ. ಅಷ್ಟು ಹೊತ್ತು ಬಟ್ಟೆಯಂತೆ ಬಿದ್ದಿದ್ದ ಹುಡುಗಿ ಚುಚ್ಚಿದಾಗಲೆಲ್ಲ ಚೀರತೊಡಗಿದಳು. ಅವ್ವ ಕಾಲು ಹಿಡಿದಳು, ಚಿಗವ್ವ ತಲೆ ಹಿಡಿದರು, ನಾನು ಮೊಣಕಾಲಿನಿಂದ ಅದುಮಿ ಹಿಡಿದು ಪಾದದ ಹತ್ತಿರ ಚುಚ್ಚಿದೆ. ಅಲ್ಲಿ ಸಿಕ್ಕಿತು. ಬಾಟಲಿಯನ್ನು ಗೋಡೆಯ ಗೂಟಕ್ಕೆ ತೂಗುಹಾಕಿ, ಹನಿ ಬೀಳುವುದನ್ನು ನೋಡುತ್ತ ಅಲ್ಲೇ ಕುಸಿದು ಕೂತೆ. ಸಂಜೆ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟು ನೀರು ಕೇಳಿದಳು. ಚಿಗವ್ವ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ಓಣಿಯವರೆಲ್ಲ ಹೊಗಳಿದ್ದೇ ಹೊಗಳಿದ್ದು.

ಆಗ ತಿರುಗಿ ನೋಡಿದೆ. ಮಗಳು ಅಡುಗೆಮನೆಯ ಬಾಗಿಲ ಸಂದಿನಲ್ಲಿ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ನಾನು ಎದ್ದ ಕೂಡಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. "ನಿನ್ನ ಗೆಳತಿಗೆ ಆರಾಮಾತವಾ, ನೋಡು ಬಾ" ಅಂದೆ. ಬರಲಿಲ್ಲ. ಆ ರಾತ್ರಿ ಅವ್ವನ ಮಗ್ಗುಲಲ್ಲಿ ಅವಳು ಸೀರೆಯೊಳಗೇ ಮುಖ ಹುದುಗಿಸಿಕೊಂಡು ಮಲಗಿದ್ದಳು. ಮಾವಿನಕಾಯಿಯ ಹೋಳುಗಳು ತಟ್ಟೆಯಲ್ಲಿ ಒಣಗಿದವು.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಮ್ಮ ಆಸ್ಪತ್ರೆಯ ವಾರ್ಡ್ ಬಾಯ್ ಬಂದಿಳಿದ. ಬಾಯ್ ಅನ್ನುವುದು ಹೆಸರಿಗಷ್ಟೇ, ಮೊಮ್ಮಕ್ಕಳನ್ನು ಕಂಡ ಮನುಷ್ಯ. ಕಟ್ಟೆಯ ಮೇಲೆ ಕೂತು ಟವೆಲ್ಲಿನಿಂದ ಬೆವರು ಒರೆಸಿಕೊಂಡು, "ಮೇಟ್ರನ್ ಬಾಯಾರು ಕಳಿಸ್ಯಾರ್ರಿ ಸಿಸ್ಟರ್" ಅಂದ. "ವರಾಂಡದಾಗ ಕಾಲಿಡಾಕ ಜಾಗ ಇಲ್ಲ. ನಿಮ್ಮ ಬದಲಿ ಸಿಸ್ಟರೂ ನಿನ್ನೆ ಜ್ವರ ಬಂದು ಮಲಗ್ಯಾರ. ನಿಮ್ಮನ್ನ ಕರಕೊಂಡೇ ಬರಬೇಕಂತ ಹೇಳ್ಯಾರ್ರಿ."

"ನನ್ನ ರಜಾ ಇನ್ನೂ ಮುಗಿದಿಲ್ಲ!" ಅಂತ ಅವನ ಮೇಲೆ ರೇಗಿದೆ. "ನಾ ಏನ್ ಮನುಷ್ಯಾಳಲ್ಲೇನು? ಇಡೀ ಜಿಲ್ಲಾದಾಗ ನಾ ಒಬ್ಬಾಕಿನೇ ನರ್ಸೇನು? ಬರಂಗಿಲ್ಲ ಅಂತ ಹೇಳಿಬಿಡು." ವರಾಂಡ ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಅಲ್ಲಿ ಮಲಗಿದವರಲ್ಲಿ ಇಂಥದೇ ಕೂಸುಗಳು ಎಷ್ಟಿವೆಯೋ. ರೇಗುತ್ತಲೇ ಒಳಗೆ ಹೋಗಿ ಪೆಟ್ಟಿಗೆ ತೆಗೆದು ಬಿಳಿ ಸೀರೆ ಉಟ್ಟೆ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಆಕಿನ್ನ ಇಲ್ಲೇ ಶಾಲಿಗೆ ಹಾಕೂಣು ಬಿಡವಾ" ಅಂದಳು ಮೆಲ್ಲಗೆ. "ಮುಂದಿನ ವರ್ಷ ನೋಡಿದ್ರಾತು."

"ಮುಂದಿನ ವರ್ಷ ಅಂದ್ರ ಬರಂಗಿಲ್ಲ ಆಕಿ. ಈಗ ಕರಕೊಂಡು ಹೋಗ್ತೀನಿ" ಅಂದೆ. ಗೆಳತಿ ಜ್ವರದಲ್ಲಿದ್ದಾಳೆ, ಅವಳ ತಾಯಿ ಅವಳನ್ನು ನೋಡಿಕೊಳ್ಳುವರೋ ನನ್ನ ಮಗಳನ್ನೋ, ನಾನು ಹಗಲೂ ರಾತ್ರಿ ವಾರ್ಡಿನಲ್ಲಿ, ಏನೊಂದೂ ಯೋಚಿಸಲಿಲ್ಲ. ಬಿಟ್ಟರೆ ಹೋಯಿತು, ಅದೊಂದೇ ತಲೆಯಲ್ಲಿ.

ಮಗಳು ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು. ದೂರದಲ್ಲೇ ಕೂತೆ. ಕೈ ಚಾಚಲಿಲ್ಲ. "ನಾ ಹೊಸಪ್ಯಾಟಿಗೆ ಹೊಂಟೀನಿ, ಬಂಗಾರ. ಇಲ್ಲಿ ನಿಮ್ಮವ್ವ ಇರ್ತಾಳ, ಅಲ್ಲಿ ನಾ ಇರ್ತೀನಿ. ನಾನೂ ನಿಮ್ಮವ್ವನ. ನನ್ನ ಜೋಡಿ ಬರ್ತಿಯೇನು? ಹೋಗ್ತಾ ಆನಿ ನೋಡೂಣು" ಅಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಕಂಬ ಬಿಟ್ಟು ಒಳಗೆ ಓಡಿದಳು. ಒಳಗೆ ಏನನ್ನೋ ಎಳೆದಾಡುವ ಸದ್ದಾಯಿತು. ಅಂಗಿ ತರಲು ಹೋದಳು ಅಂದುಕೊಂಡೆ. ಅವ್ವನೂ ಹಾಗೇ ಅಂದುಕೊಂಡಳು, "ಹೊಸಾ ಅಂಗಿ ಮ್ಯಾಲಿನ ಗೂಟಕ್ಕ ಐತಿ, ತಡಿ ನಾ ಕೊಡ್ತೀನಿ" ಅಂತ ಅವಳ ಹಿಂದೆ ಹೋದಳು. ನಾನು ಎದ್ದು ನಿಂತೆ.

ಮಗಳು ಪೆಟ್ಟಿಗೆಯ ಹಿಂದಿಟ್ಟಿದ್ದ ನನ್ನ ಡ್ಯೂಟಿ ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಶನಿವಾರದಿಂದ ಈಚೆಗೆ ತಾನಾಗಿ ನನ್ನ ಹತ್ತಿರ ಬಂದದ್ದು ಆಗಲೇ. ಬಗ್ಗಿ ಅವನ್ನು ನನ್ನ ಪಾದದ ಮುಂದೆ ಇಟ್ಟಳು, ಎಡ ಬಲ ಸರಿಯಾಗಿದೆಯೇ ಎಂದು ನೋಡಿ ಜೋಡಿಸಿದಳು. ಆಮೇಲೆ ಹಿಂದೆ ಸರಿದು ಕೈಗಳನ್ನು ಬೆನ್ನಿಗೆ ಮುಚ್ಚಿಟ್ಟುಕೊಂಡು, "ಬಸ್ಸು ಹೋಗಿಬಿಡತೈತಿ, ಜಲ್ದಿ ಹೋಗು ನರ್ಸಮ್ಮ" ಅಂದಳು.

"ಮಗಳು ಭಾಳ ಶಾಣ್ಯಾ ಅದಾಳ್ರಿ" ಅಂದ ವಾರ್ಡ್ ಬಾಯ್ ಹೊರಗಿನಿಂದ.

ಜೂನ್‌ನಲ್ಲಿ ಇಲ್ಲಿನ ಶಾಲೆಗೇ ಹೆಸರು ಹಚ್ಚು ಅಂತ ಅವ್ವನಿಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡೆ.